ಕಾಣದ ಡಬ್ಬಿಗೆ ನಾಲ್ಕೂವರೆ ಸಾವಿರ

‘ಅಣ್ಣಾ, ಗೇಮಿಂಗ್ ಪಿಸಿ ಪಾರ್ಟ್ಸ್ ಲಿಸ್ಟ್ ಕಳ್ಸಿದೀನಿ. ನೋಡಿ ಓಕೆ ಅನ್ನು.’

2024ರ ದಸರಾಕ್ಕೆ ಎರಡು ವಾರ ಮುಂಚೆ ಅರಸೀಕೆರೆಯಿಂದ ತಮ್ಮನ ಮೆಸೇಜ್ ಬಂತು. ಮನೆಯಿಂದಲೇ ಕೆಲಸ ಮಾಡುವ ಅವನು ಮೊದಲ ವರ್ಷದ ಸಂಬಳದಲ್ಲಿ 60 ಸಾವಿರ ಉಳಿಸಿದ್ದ. ಲಿಸ್ಟ್ ಜೋರಾಗಿಯೇ ಇತ್ತು. 29 ಸಾವಿರದ ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಬಣ್ಣಬಣ್ಣದ ಲೈಟಿನ ಫ್ಯಾನುಗಳು. ಕೊನೆಯ ಸಾಲು ಮಾತ್ರ ಹೀಗಿತ್ತು: ‘ಎಸ್‌ಎಂಪಿಎಸ್ – ಯಾವುದಾದ್ರೂ, 1,200.’

ಓದುತ್ತಿದ್ದಂತೆ ನನಗೆ ಹಳೆಯ ಸುಟ್ಟ ವಾಸನೆ ನೆನಪಾಯಿತು.

2013ರಲ್ಲಿ ನಾನು ಎಂಜಿನಿಯರಿಂಗ್ ಓದುವಾಗ ಅಪ್ಪ ಚೀಟಿ ಎತ್ತಿ 28 ಸಾವಿರ ಕೈಗಿಟ್ಟಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಡೀ ದಿನ ಅಂಗಡಿ ಅಂಗಡಿ ಸುತ್ತಿದೆ. ಒಂದು ಕಡೆ ‘ಕ್ಯಾಬಿನೆಟ್ ತಗೊಂಡ್ರೆ ಎಸ್‌ಎಂಪಿಎಸ್ ಜೊತೇಲೇ ಬರತ್ತೆ’ ಅಂದರು. ಗೆದ್ದೆ ಅಂದುಕೊಂಡೆ.

ಏಳು ತಿಂಗಳ ನಂತರ ಊರಲ್ಲಿ ಒಂದು ಮಳೆಯ ಸಂಜೆ ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ‘ಟಪ್’ ಅಂತ ಸದ್ದು. ಎಸ್‌ಎಂಪಿಎಸ್ ತಾನು ಹೋಗುವಾಗ ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ಅಕ್ಕನ ಮದುವೆಯಲ್ಲಿ ತೆಗೆದ ಅಜ್ಜಿಯ ಫೋಟೊಗಳಿದ್ದವು. ಕ್ಯಾಮೆರಾದ ಕಾರ್ಡನ್ನು ನಾನೇ ಖಾಲಿ ಮಾಡಿದ್ದೆ. ಮುಂದಿನ ವರ್ಷ ಅಜ್ಜಿ ತೀರಿಕೊಂಡರು.

ಅಪ್ಪ ಬೈಯಲಿಲ್ಲ. ‘ಹೋಗ್ಲಿ ಬಿಡು’ ಅಂದರು. ಕಂಪ್ಯೂಟರ್ ಸತ್ತ ಮೇಲೂ ಒಂದು ವರ್ಷ ಅದರ ಚೀಟಿ ಕಂತು ಕಟ್ಟಿದರು.

ತಮ್ಮನಿಗೆ ಫೋನ್ ಮಾಡಿದೆ. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಕಡಿಮೆ ವೋಲ್ಟೇಜಿಗೆ ಇಳಿಸಿ ಎಲ್ಲ ಪಾರ್ಟುಗಳಿಗೆ ಹಂಚುವುದು ಎಸ್‌ಎಂಪಿಎಸ್, ಒಳ್ಳೆಯದಾದರೆ ವೋಲ್ಟೇಜ್ ಮಿತಿ ಮೀರಿದಾಗ ತಾನೇ ಆಫ್ ಆಗುತ್ತೆ ಅಂತ ವಿವರಿಸಿದೆ.

‘ಅದು ಕಾಣೋದೂ ಇಲ್ಲ, ಗೇಮಲ್ಲಿ ಒಂದು ಫ್ರೇಮೂ ಜಾಸ್ತಿ ಆಗಲ್ಲ. ದುಡ್ಡು ನಂದು ತಾನೇ?’ ಅಂದ.

ಎರಡು ದಿನ ಮಾತಿಲ್ಲ. ಮೂರನೇ ದಿನ ಚೀಟಿಯ ಕಥೆ ಹೇಳಿದೆ. ಆಗ ಅವನಿಗೆ ಹತ್ತು ವರ್ಷ; ಏನೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ನೀನೇ ಬರಿ’ ಅಂದ.

ಮನೆಯಲ್ಲಿ ಇದ್ದದ್ದು 1080ಪಿ ಮಾನಿಟರ್. ಅದಕ್ಕೆ ದುಬಾರಿ ಕಾರ್ಡ್ ಬೇಕಿರಲಿಲ್ಲ. 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಕಾರ್ಡಿಗೆ 21 ಸಾವಿರ, ರೈಜನ್ 5 5600 ಪ್ರೊಸೆಸರ್‌ಗೆ 11 ಸಾವಿರ. ಅದರ ಜೊತೆ ಕೂಲರ್ ಬರುವುದರಿಂದ ಆ ಖರ್ಚು ಉಳಿಯಿತು. ಮದರ್‌ಬೋರ್ಡಿಗೆ 8 ಸಾವಿರ, 1 ಟಿಬಿ ಎಸ್‌ಎಸ್‌ಡಿಗೆ 5 ಸಾವಿರ. ರ್‍ಯಾಮ್‌ಗೆ ಮೂರೂವರೆ ಸಾವಿರ: ಒಂದೇ 16 ಜಿಬಿ ಬದಲು 8ರ ಎರಡು ಹಾಕಿದರೆ ಎರಡು ಚಾನೆಲ್ ಕೆಲಸ ಮಾಡಿ ಗೇಮ್ ಸರಾಗವಾಗಿ ಓಡುತ್ತದೆ. ಗಾಳಿಯಾಡುವ ಸಾದಾ ಕ್ಯಾಬಿನೆಟ್ 3 ಸಾವಿರ.

550 ವ್ಯಾಟಿನ ಎಸ್‌ಎಂಪಿಎಸ್‌ಗೆ ನಾಲ್ಕೂವರೆ ಸಾವಿರ. ಡಬ್ಬಿಯ ಮೇಲಿನ ‘80 ಪ್ಲಸ್’ ಮುದ್ರೆ ಎಷ್ಟು ಕರೆಂಟ್ ಪೋಲಾಗುತ್ತೆ ಅನ್ನೋದನ್ನಷ್ಟೇ ಹೇಳುತ್ತದೆ, ಸುರಕ್ಷತೆಯನ್ನಲ್ಲ. ಹಾಗಾಗಿ ಐದು ವರ್ಷದ ವಾರಂಟಿ ಇರುವುದನ್ನೇ, ಬಿಚ್ಚಿ ಪರೀಕ್ಷಿಸಿದವರ ರಿವ್ಯೂ ನೋಡಿ ಆರಿಸಿದೆವು. ಉಳಿದ 4 ಸಾವಿರಕ್ಕೆ ಯುಪಿಎಸ್ ಬಂತು.

ದಸರಾ ರಜೆಯಲ್ಲಿ ನಡುಮನೆಯಲ್ಲಿ ಕೂತು ಇಬ್ಬರೂ ಜೋಡಿಸಿದೆವು. ಬಣ್ಣದ ಲೈಟಿಲ್ಲ ಅಂತ ತಮ್ಮನಿಗೆ ಈಗಲೂ ಕೊರಗು.

ಅವತ್ತು ರಾತ್ರಿ ಅವನು ಆಡುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬೀಪ್ ಅಂದಿತು, ಅವನು ಸೇವ್ ಮಾಡಿ ಆಫ್ ಮಾಡಿದ. ಕರೆಂಟ್ ಬಂದ ಮೇಲೆ ಅಪ್ಪ ರೂಮಿನ ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ. ಮೂಗೆತ್ತಿ ಒಮ್ಮೆ ಗಾಳಿ ಮೂಸಿ, ನನ್ನ ಮುಖ ನೋಡಿ, ಮಲಗಲು ಹೋದರು.