ವಿಷಗ್ರಂಥಗಳ ವಾಚಕ

ಕಾವ್ಯ, ಚರಿತ್ರೆ, ಪ್ರವಾಸಕಥನಗಳ ಕಪಾಟುಗಳನ್ನು ದಾಟಿ ಹೋಗಿ, ಮರಣ, ವಿಷ, ಅಂತ್ಯಸಂಸ್ಕಾರಗಳನ್ನು ಕುರಿತ ಗ್ರಂಥಗಳನ್ನೇ ಅರಸುವ ವಾಚಕನೊಬ್ಬನು ಪ್ರತಿಯೊಂದು ಗ್ರಂಥಭಂಡಾರಕ್ಕೂ ಇರುತ್ತಾನೆ. ಅವನ ಕೈಯಲ್ಲಿ ಗರುಡಪುರಾಣವನ್ನು ಕಂಡ ಹಿರಿಯರು ಬೆಚ್ಚುತ್ತಾರೆ. ಸಾವಿನ ಮನೆಯಲ್ಲಿ ಓದಿಸತಕ್ಕದ್ದನ್ನು ಶುಭದಿನಗಳಲ್ಲಿ ಬಿಚ್ಚುವುದೇಕೆ ಎಂಬುದು ಅವರ ಆಕ್ಷೇಪ. ಅಭಿರುಚಿಯೇ ವಿಕೃತವೆಂದು ತೀರ್ಪು ಕೊಡುವವರೂ ಉಂಟು. ಈ ತೀರ್ಪನ್ನು ಕೊಂಚ ವಿಚಾರಿಸಿ ನೋಡಬೇಕು.

ಪೂರ್ವಿಕರು ಈ ವಿಷಯವನ್ನು ಅಮಂಗಳವೆಂದು ದೂರವಿಡಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರವೆಂಬ ವಿಷಚಿಕಿತ್ಸೆಯೂ ಒಂದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಸ್ಥಾವರವಿಷಕ್ಕೆ ಬೇರು, ಎಲೆ, ಹೂವು, ಹಣ್ಣು ಮೊದಲಾದ 10 ಆಶ್ರಯಗಳನ್ನೂ ಜಂಗಮವಿಷಕ್ಕೆ 16 ಆಶ್ರಯಗಳನ್ನೂ ಎಣಿಸುತ್ತದೆ. ಆದರೆ ಅದು ಪ್ರಾರಂಭವಾಗುವುದು ಅರಸನ ಅನ್ನಪಾನಗಳ ರಕ್ಷಣೆಯಿಂದ. ಕನ್ನಡದಲ್ಲಿ 14ನೆಯ ಶತಮಾನದ ಜೈನಕವಿ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಖಗೇಂದ್ರನೆಂದರೆ ಸರ್ಪವೈರಿಯಾದ ಗರುಡ. ಗ್ರಂಥವು ಹಾವಿನ ಪಕ್ಷದ್ದಲ್ಲ, ಕಚ್ಚಿಸಿಕೊಂಡವನ ಪಕ್ಷದ್ದು ಎಂಬುದನ್ನು ಹೆಸರೇ ಸಾರುತ್ತದೆ.

ಕಾಲಕ್ಷೇಪಕ್ಕೆಂದು ಓದಿದ ಕಥೆಯೂ ಪ್ರಾಣ ಉಳಿಸಿದ್ದುಂಟು. ಆಂಗ್ಲ ಲೇಖಕಿ ಅಗಾಥಾ ಕ್ರಿಸ್ಟಿ ಪ್ರಥಮ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯೊಂದರ ಔಷಧಶಾಲೆಯಲ್ಲಿ ದುಡಿದವಳು. ಅವಳ ಪತ್ತೇದಾರಿ ಕಾದಂಬರಿಗಳಲ್ಲಿ ವಿಷಗಳ ಗುಣಲಕ್ಷಣಗಳು ನಿಖರವಾಗಿರುವುದು ಆ ಅನುಭವದಿಂದಲೇ. 1961ರಲ್ಲಿ ಪ್ರಕಟವಾದ 'ದಿ ಪೇಲ್ ಹಾರ್ಸ್' ಕೃತಿಯಲ್ಲಿ ಥ್ಯಾಲಿಯಂ ವಿಷದಿಂದ ಕೂದಲು ಉದುರುವ ಸಂಗತಿ ಬರುತ್ತದೆ. 1977ರಲ್ಲಿ ಕತಾರ್ ದೇಶದಿಂದ ಲಂಡನ್ನಿನ ಆಸ್ಪತ್ರೆಗೆ ತಂದ ಎಳೆಯ ಮಗುವಿನ ವ್ಯಾಧಿ ವೈದ್ಯರಿಗೆ ತಿಳಿಯದೆ ಹೋಯಿತು. ಆಗ ಅದೇ ಕಾದಂಬರಿಯನ್ನು ಓದುತ್ತಿದ್ದ ದಾದಿಯೊಬ್ಬಳು ಮಗುವಿನ ಕೂದಲು ಉದುರುವುದನ್ನು ಗಮನಿಸಿ, ಥ್ಯಾಲಿಯಂ ಇರಬಹುದೆಂದು ಸೂಚಿಸಿದಳು. ಪರೀಕ್ಷೆ ಅದನ್ನು ದೃಢಪಡಿಸಿತು. ಚಿಕಿತ್ಸೆ ನಡೆದು ಮಗು ಚೇತರಿಸಿಕೊಂಡಿತು. ವಿಷದ ಕಥೆಯನ್ನು ಓದುವುದು ವಿಕೃತಿಯೆಂದು ಯಾರಾದರೂ ಆ ದಾದಿಯ ಕೈಯಿಂದ ಪುಸ್ತಕವನ್ನು ಕಸಿದಿದ್ದರೆ?

ಅಂತ್ಯಸಂಸ್ಕಾರದ ಗ್ರಂಥಗಳೂ ಹೀಗೆಯೇ ಬದುಕಿನ ಕಡೆಗೆ ಮುಖಮಾಡಿದವು. ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ನಾರ್ಫೋಕ್ ಸೀಮೆಯಲ್ಲಿ ದೊರೆತ ಅಸ್ಥಿಕುಂಭಗಳನ್ನು ಕುರಿತು 1658ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದನು. ಬೂದಿಯನ್ನು ನೋಡುತ್ತ ಅವನು ಚಿಂತಿಸಿದ್ದು ಬದುಕಿರುವವರ ಕೀರ್ತಿಕಾಮನೆಯನ್ನು.

ಆದರೂ ಅಧ್ಯಾಪಕರು ಒಂದು ವಿವೇಚನೆಯನ್ನು ಬಿಡಬಾರದು. ಇಂತಹ ಪುಸ್ತಕವನ್ನು ಹಿಡಿದ ಕೈ ಕುತೂಹಲದ್ದಾಗಿರಬಹುದು. ಈಚೆಗೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿನದೂ ಆಗಿರಬಹುದು. ಬಾಳಿನಲ್ಲಿಯೇ ಬೇಸರಗೊಂಡವನದೂ ಆಗಿರಬಹುದು. ಮೊದಲನೆಯವನಿಗೆ ಇನ್ನೊಂದು ಒಳ್ಳೆಯ ಪುಸ್ತಕ ಬೇಕು. ಉಳಿದವರಿಗೆ ಪುಸ್ತಕಕ್ಕಿಂತ ಮಿಗಿಲಾಗಿ ಮನುಷ್ಯರು ಬೇಕು. ಯಾರು ಎಂತಹವರೆಂಬುದು ಗದರಿಕೆಯಿಂದ ತಿಳಿಯದು. ಪಕ್ಕದಲ್ಲಿ ಕುಳಿತು, 'ಏನು ಓದುತ್ತಿದ್ದೀಯಪ್ಪ?' ಎಂದು ಮೆಲ್ಲಗೆ ಕೇಳಿದರೆ ತಿಳಿದೀತು.