ಯಾವೂರ ಬಸ್ಸು?

ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲಿನ ಗೋಡೆ ನೋಡಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ದೇವರ ಪಟವೋ ಮದುವೆಯ ಫೋಟೋವೋ ಇರಬೇಕಾದ ಜಾಗದಲ್ಲಿ ‘ಹೊಸಪೇಟೆ – ಸಂಡೂರು’ ಎಂಬ ತಗಡಿನ ಬೋರ್ಡು ಕಂಡರೆ ಪಾಪ, ಅವರಾದರೂ ಏನು ಹೇಳಿಯಾರು? “ಬಸ್ಸು ಎಷ್ಟೊತ್ತಿಗೆ ಬಿಡ್ತೈತ್ರೀ ಟೀಚರ್?” ಎಂದು ಕೇಳಿದವರೂ ಇದ್ದಾರೆ. “ಕಾಫಿ ಕುಡಿದ ಮೇಲೆ” ಎಂದು ನಮ್ಮ ಮನೆಯವರು ಒಳಗಿನಿಂದಲೇ ಉತ್ತರ ಕೊಡುತ್ತಾರೆ.

ಸೀರೆಗೆ ಹೊಂದುವ ಬಳೆ ಕೂಡಿಸುವವರಿದ್ದಾರೆ, ಸ್ಟೀಲ್ ಡಬ್ಬಿ ಕೂಡಿಸುವವರಿದ್ದಾರೆ. ನಾನು ಹಳೆಯ ಬಸ್ಸುಗಳ ಬೋರ್ಡು ಕೂಡಿಸುತ್ತೇನೆ. ಈಗ 11 ಆಗಿವೆ. ಓಡುವಷ್ಟು ಓಡಿ ದಣಿದ ಬಸ್ಸು ಹರಾಜಿಗೆ ಬಂದರೆ ಇಂಜಿನ್ನಿಗೆ, ಸೀಟಿನ ಕಬ್ಬಿಣಕ್ಕೆ ಬೆಲೆ ಕಟ್ಟುವವರುಂಟು. ಮುಂದಿನ ಗಾಜಿಗೆ ಆನಿಸಿಡುತ್ತಿದ್ದ ಬೋರ್ಡನ್ನು ಕೇಳುವವರಿಲ್ಲ. ಅದು ಗುಜರಿ ಅಂಗಡಿಗೆ ಬಂದು ತಗಡಿನ ತೂಕಕ್ಕೆ ನನಗೆ ಸಿಗುತ್ತದೆ. “ಇದ್ರಾಗೆ ಏನೈತಮ್ಮಾ” ಎಂದು ಗುಜರಿಯ ಸಾಬರು ನಗುತ್ತಾರೆ, ಆದರೂ ತೆಗೆದಿಡುತ್ತಾರೆ. ಲಂಡನ್ನಿನ ಹಳೆಯ ಬಸ್ಸುಗಳಲ್ಲಿ ಉದ್ದನೆಯ ಬಟ್ಟೆಯ ಸುರುಳಿಯ ಮೇಲೆ ಸಾಲಾಗಿ ಹೆಸರು ಅಚ್ಚು ಹಾಕಿರುತ್ತಿದ್ದರು, ಹಿಡಿ ತಿರುಗಿಸಿದರೆ ಮುಂದಿನ ಊರು ಬರುತ್ತಿತ್ತು, ಈಗ ಅದನ್ನು ಜನ ಕೊಂಡು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ ಎಂದು ಅವರಿಗೆ ಹೇಳಿದೆ. “ಹಂಗಾದ್ರೆ ರೇಟು ಹೆಚ್ಚು ಮಾಡ್ಬೇಕು” ಅಂದರು. ಮಾಡಲಿಲ್ಲ, ಅದು ಅವರ ದೊಡ್ಡತನ.

ಈ ಹುಚ್ಚು ಹತ್ತಿಸಿದವಳು ನಮ್ಮವ್ವ. ಅವ್ವನ ತವರು ಕಂಪ್ಲಿ. ಅಕ್ಷರ ಬಾರದು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ “ಯಾವೂರ ಬಸ್ಸಪ್ಪಾ?” ಎಂದು ಕೇಳಿದ್ದಕ್ಕೆ ಒಬ್ಬ ಕಂಡಕ್ಟರು “ಅಷ್ಟು ದೊಡ್ಡದಾಗಿ ಬರೆದೈತಲ್ಲ, ಕಣ್ಣು ಕಾಣಲ್ಲೇನು?” ಅಂದನಂತೆ. ಅವ್ವ ಆಮೇಲೆ ಯಾರನ್ನೂ ಕೇಳಲಿಲ್ಲ. ಬೋರ್ಡನ್ನು ನೋಡಿ ನೋಡಿ ತನ್ನದೇ ಲೆಕ್ಕ ಕಟ್ಟಿಕೊಂಡಳು. ಹಂಪಿ, ಕಂಪ್ಲಿ, ಸಂಡೂರು, ಮೂರಕ್ಕೂ ಮೊದಲಕ್ಷರದ ಪಕ್ಕ ಸೊನ್ನೆ ಇದೆ, ಗಮನಿಸಿದ್ದೀರಾ? ನಾನು ಗಮನಿಸಿರಲಿಲ್ಲ. “ಸೊನ್ನೆ ಕಂಡ್ರೆ ನಿಂತು ನೋಡ್ಬೇಕು. ಕೆಳಗೆ ಜೋತು ಬಿದ್ದಿದ್ರೆ ನಮ್ಮೂರು. ಬಾಲ ಇದ್ರೆ ಸಂಡೂರು. ಏನೂ ಇಲ್ದಿದ್ರೆ ವಿರೂಪಾಕ್ಷಪ್ಪನ ಊರು” ಎನ್ನುತ್ತಿದ್ದಳು. ಬಿ.ಇಡಿ.ಯಲ್ಲಿ ನನಗೆ ಓದು ಕಲಿಸುವ ವಿಧಾನಗಳನ್ನೆಲ್ಲ ಹೇಳಿಕೊಟ್ಟರು. ಇದೊಂದು ಅದರಲ್ಲಿರಲಿಲ್ಲ.

ಅವ್ವ ಹೋದ ಮರುವರ್ಷ ಗುಜರಿಯಲ್ಲಿ ಕಂಪ್ಲಿಯ ಬೋರ್ಡು ಕಂಡಿತು. ಬಿಳಿಯ ಮೇಲೆ ಕರಿ ಅಕ್ಷರ. ಬರೆದ ಪೇಂಟರು ಯಾರೋ, ಪುಣ್ಯಾತ್ಮರು, ಸಾಲನ್ನೇ ಮೇಲಕ್ಕೆ ಸರಿಸಿ ಲಕಾರದ ಒತ್ತಿಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಾರೆ. ಜೋತು ಬಿದ್ದದ್ದು ಎಂದರೆ ಏನೆಂದು ಅವತ್ತು ಕಣ್ಣಿಗೆ ಕಂಡಿತು. ಅದೊಂದು ಹಾಲಿನಲ್ಲಿಲ್ಲ, ಅಡುಗೆಮನೆಯಲ್ಲಿದೆ.

ಉಳಿದವಕ್ಕೂ ಅವುಗಳದೇ ಗುಣವಿದೆ. ಸಂಡೂರಿನದನ್ನು ಎಷ್ಟು ತೊಳೆದರೂ ಮೊಳೆಯ ತೂತುಗಳಲ್ಲಿ ಕೆಂಪು ಧೂಳು ಉಳಿದಿದೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಸಾಲಿನ ನಡುವೆ ಆ ದಾರಿಯಲ್ಲಿ ಓಡಾಡಿದವರಿಗೆ ಆ ಧೂಳು ಗೊತ್ತು. ಬಿಳಿ ಸೀರೆ ಉಡುವ ಧೈರ್ಯ ಯಾರಿಗೂ ಇರಲಿಲ್ಲ. ಇಂಗ್ಲಿಷಿನಲ್ಲೂ ಬರೆದಿರುವುದು ಹಂಪಿಯದರಲ್ಲಿ ಮಾತ್ರ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರಿಗೆ ಪರದೇಶದವರು ಬರುತ್ತಾರೆ, ಸಂಡೂರಿಗೆ ಹೋಗುವವರು ನಾವೇ ತಾನೇ! 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಹೆಸರು ತಿದ್ದಿದಾಗ ಇಂಗ್ಲಿಷಿನ ‘ಹಾಸ್ಪೆಟ್’ ಹೋಗಿ ಹೊಸಪೇಟೆ ಬಂತು. ಕನ್ನಡದ ಬೋರ್ಡಿಗೆ ಕುಂಚ ತಾಗಿಸುವ ಕೆಲಸವೇ ಇರಲಿಲ್ಲ. ನನ್ನ ಬಳಿಯ ಗುಲ್ಬರ್ಗಾ ಮಾತ್ರ ಕಲಬುರಗಿಯಾಗದೆ ಹಾಗೆಯೇ ಉಳಿದಿದೆ. ‘ಸಾಂದರ್ಭಿಕ ಒಪ್ಪಂದ’ ಎಂಬುದೂ ಒಂದಿದೆ. ಮದುವೆ ದಿಬ್ಬಣಕ್ಕೆ, ಶಾಲೆಯ ಪ್ರವಾಸಕ್ಕೆ ಬಸ್ಸು ಗೊತ್ತು ಮಾಡಿದರೆ ಈ ಬೋರ್ಡು. ಅದನ್ನು ನಮ್ಮ ಮನೆಯವರು ಮದುವೆಯ ಫೋಟೋದ ಕೆಳಗೇ ಮೊಳೆ ಹೊಡೆದು ಹಾಕಿದ್ದಾರೆ.

ಈಗಿನ ಕೆಲವು ಬಸ್ಸುಗಳ ಹಣೆಯ ಮೇಲೆ ಮಿಣುಕುವ ಅಕ್ಷರ. ರಾತ್ರಿ ದೂರದಿಂದ ಕಾಣುತ್ತದೆ, ಒಳ್ಳೆಯದೇ. ಆದರೆ ಹೆಸರು ಉದ್ದವಾದರೆ ಅಕ್ಷರ ಓಡತೊಡಗುತ್ತದೆ. ಕೂಡಿಸಿ ಕೂಡಿಸಿ ಓದುವವರು ಮೊದಲಕ್ಷರ ಹಿಡಿಯುವಷ್ಟರಲ್ಲಿ ಊರೇ ಮುಂದೆ ಹೋಗಿರುತ್ತದೆ. ಇಂಗ್ಲಿಷಿಗೆ ಸಾಲುವ ಚುಕ್ಕಿಗಳ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲದು. ಕಂಪ್ಲಿಯ ಒತ್ತು ಮುದುಡಿ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ. ಹೊಲದ ಕೆಲಸದವರು, ಮೊಮ್ಮಗುವನ್ನು ನೋಡಲು ಹೊರಟ ಮುದುಕಿಯರು ಎಲ್ಲ ಬಸ್ ಸ್ಟ್ಯಾಂಡಿನಲ್ಲಿದ್ದಾರೆ. “ಯಾವೂರ ಬಸ್ಸವ್ವಾ?” ಎಂದು ನನ್ನನ್ನೇ ಕೇಳುತ್ತಾರೆ. ಹೇಳುತ್ತೇನೆ. ಗಂಡಸರನ್ನು ಕೇಳುವುದಿಲ್ಲ, ನೋಡಿದ್ದೇನೆ.

ನನಗೆ ಬೇಕಾದ ಇನ್ನೊಂದು ಬೋರ್ಡು ಸಿಕ್ಕಿಲ್ಲ. ಒಂದು ಮುಖಕ್ಕೆ ‘ಗಂಗಾವತಿ, ಮಾರ್ಗ ಕಂಪ್ಲಿ’, ಇನ್ನೊಂದು ಮುಖಕ್ಕೆ ಬರೀ ‘ಕಂಪ್ಲಿ’. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟು ಕಂಪ್ಲಿಯ ಸೇತುವೆ ಮುಳುಗಿದಾಗ ಡ್ರೈವರು ಅದನ್ನು ತಿರುಗಿಸಿಡುತ್ತಿದ್ದರು, ಬಸ್ಸು ಹೊಳೆಯ ಈಚೆಗೇ ನಿಲ್ಲುತ್ತಿತ್ತು. ಸಾಬರಿಗೆ ಹೇಳಿಟ್ಟಿದ್ದೇನೆ.