66 ಡಿಗ್ರಿ ಮತ್ತು ಅವ್ವನ ಮೂಗು

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಬಸ್ಸು ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಬೇಗ ತಲುಪುವ ಆಸೆ ಬಿಡಬೇಕು. ಕಿಟಕಿ ಮುಚ್ಚಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತುಬಿಡುವುದೇ ವಾಸಿ. ಸಂಡೂರಿನಲ್ಲಿ ನನ್ನ ಕೆಲಸ. ದಿನಾ ಹೋಗಿ ಬರುವವನು. ಅಂಥ ಒಂದು ಬೆಳಿಗ್ಗೆ ಮೊಬೈಲಿನಲ್ಲಿ ತಾನಾಗಿಯೇ ಒಂದು ವಿಡಿಯೋ ಬಂತು. ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ಮನೆಯ ಹಿಂದಿನ ಶೆಡ್ಡಿನಲ್ಲಿ, ನುಚ್ಚಾಗಿ ಒಡೆದ ಕಾಳನ್ನು ಬಿಸಿನೀರಿಗೆ ಸುರಿದು ಮರದ ಹುಟ್ಟಿನಿಂದ ತಿರುವುತ್ತಿದ್ದ. "66 ಡಿಗ್ರಿ, ಒಂದು ಗಂಟೆ" ಅಂದ. ಗಂಟೆ ಕಳೆದ ಮೇಲೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಚಿಕ್ಕ ಹುಡುಗನ ಹಾಗೆ ನಕ್ಕ. ಸಕ್ಕರೆ ಹಾಕದ ನೀರು ಸಿಹಿಯಾಗಿತ್ತು. ಅವನು ಮಾಡುತ್ತಿದ್ದದ್ದು ಬಿಯರ್.

ನಾನು ಕುಡಿಯುವವನಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಆದರೆ ಆ ಸಿಹಿ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಒಂದು ತಿಂಗಳು ಬಸ್ಸಿನಲ್ಲಿ, ರಾತ್ರಿ ಮಲಗುವ ಮುಂಚೆ, ಅಂಥವೇ ವಿಡಿಯೋಗಳನ್ನು ನೋಡಿದೆ.

ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಎರಡು ಪಂಗಡ. ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕವನ್ನು ನೀರಿಗೆ ಬೆರೆಸಿ ಶುರುಮಾಡುವವರು ಒಂದು ಕಡೆ, ಕಾಳಿನಿಂದಲೇ ಶುರುಮಾಡುವವರು ಇನ್ನೊಂದು ಕಡೆ. ಅಂಗಡಿಯ ಬೆಲ್ಲ ತಂದು ಪಾನಕ ಮಾಡುವುದಕ್ಕೂ, ಕಬ್ಬು ಕಡಿದು ಆಲೆಮನೆಯಲ್ಲಿ ಬೆಲ್ಲ ತೆಗೆಯುವುದಕ್ಕೂ ಇರುವಷ್ಟು ವ್ಯತ್ಯಾಸ. ಕಾಳು ಮೊಳೆಯುವಾಗ ತನ್ನೊಳಗಿನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳಲು ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಮೊಳಕೆಯನ್ನು ಒಣಗಿಸಿ ಅಲ್ಲಿಗೇ ತಡೆದು, ಒಡೆದು, ಹದವಾದ ಬಿಸಿನೀರಿಗೆ ಹಾಕಿದರೆ ಕಿಣ್ವಗಳು ಮತ್ತೆ ಎಚ್ಚರಾಗುತ್ತವೆ. ಒಂದು ಬಗೆಯ ಕಿಣ್ವಕ್ಕೆ 62ರ ಆಸುಪಾಸು ಇಷ್ಟ, ಇನ್ನೊಂದಕ್ಕೆ 70ರ ಆಸುಪಾಸು. 66 ಎಂಬುದು ಇಬ್ಬರ ನಡುವಿನ ರಾಜಿ. ನೀರು ಕುದಿಸಿಬಿಟ್ಟರೆ ಇಬ್ಬರೂ ಸತ್ತರು. ಉಳಿಯುವುದು ಬರೀ ಗಂಜಿ.

ಒಂದು ಮಾತು ಮೊದಲೇ ಹೇಳಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಯಲ್ಲಾದರೂ ಅಷ್ಟೇ. ಹಾಗಾಗಿ ನನ್ನ ಕಲಿಕೆಗೆ ನಾನೇ ಒಂದು ಗೆರೆ ಎಳೆದುಕೊಂಡೆ: ಸಿಹಿನೀರಿನವರೆಗೆ ಹೋಗುವುದು, ಯೀಸ್ಟ್ ಹಾಕುವ ಘಟ್ಟಕ್ಕೆ ಮುಂಚೆ ನಿಲ್ಲಿಸುವುದು. ಮೊಳಕೆ ಕಟ್ಟಲು, ನೀರು ಕಾಯಿಸಲು ಯಾರ ಅಪ್ಪಣೆ ಬೇಕು?

ಆಫ್ರಿಕಾದ ದಕ್ಷಿಣದ ಹಳ್ಳಿಗಳಲ್ಲಿ ಮೊಳೆತ ಜೋಳದಿಂದ ಬಿಯರ್ ಮಾಡುತ್ತಾರೆ ಎಂದು ತಿಳಿದಾಗ ನನಗೆ ಹಿಗ್ಗು. ಜೋಳದ ರೊಟ್ಟಿ ತಿಂದು ಬೆಳೆದವನಲ್ಲವೇ? ಒಂದು ಸೇರು ಬಿಳಿಜೋಳ ನೆನೆಹಾಕಿದೆ. ಮೂರನೆಯ ದಿನ ಅವ್ವ ಬಟ್ಟೆ ಬಿಚ್ಚಿ ನೋಡಿದಳು.

"ಇದನ್ನ ಏನು ಮಾಡ್ತಿ?"

"ಒಣಗಿಸಿ ಹಾಲಿನಾಗ ಹಾಕಿ ಕುಡಿಯೋದು, ರಾಗಿ ಮಾಲ್ಟ್ ಇದ್ದಂಗ" ಎಂದೆ. ಅರ್ಧ ಸತ್ಯ.

"ಎಳೆ ಜೋಳದ ಪೈರು ತಿಂದು ನಮ್ಮ ಎಮ್ಮೆ ಸತ್ತಿತ್ತು, ಕಂಪ್ಲ್ಯಾಗ. ಮೊಳಕಿಗೂ ಅದೇ ಗುಣ ಇರ್ತೈತಿ. ಚೆಲ್ಲು ಇದನ್ನ."

ಹುಡುಕಿ ನೋಡಿದೆ. ಅವ್ವ ಹೇಳಿದ್ದು ಸರಿ. ಜೋಳದ ಎಳೆ ಚಿಗುರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ನಾನು ನೋಡಿದ ಒಂದು ವಿಡಿಯೋದಲ್ಲೂ ಆ ಮಾತಿರಲಿಲ್ಲ. ಚೆಲ್ಲಿದೆ. ಕಿರಾಣಿ ಅಂಗಡಿಗೆ ಹೋಗಿ ಜವೆಗೋಧಿ ತಂದೆ.

ಅವ್ವನ ತವರು ಕಂಪ್ಲಿ. ವಿಜಯನಗರ ಜಿಲ್ಲೆ ಆದ ಮೇಲೆ ನಾವಿರುವ ಹೊಸಪೇಟೆ ಇತ್ತ ಬಂತು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. "ನನ್ನ ತೌರು, ನಿನ್ನ ನೌಕರಿ ಎರಡೂ ಪರಜಿಲ್ಲೆ" ಎಂದು ಅವ್ವ ನಗುತ್ತಾಳೆ. ಅವಳು ಹುಡುಗಿಯಾಗಿದ್ದಾಗ ಅವರ ಹೊಲದಲ್ಲಿ ಕಬ್ಬಿತ್ತು, ಚಳಿಗಾಲದಲ್ಲಿ ಆಲೆಮನೆ ಹೂಡುತ್ತಿದ್ದರು.

ಜವೆಗೋಧಿಯ ಮೊದಲ ಕಂತಿಗೆ ಬೂಸ್ಟು ಬಂತು. ವಿಡಿಯೋದವನು ಕಾಳನ್ನು ದಿನಕ್ಕೆರಡು ಸಲ ತಿರುವಿ ಹಾಕಿ ಎಂದಿದ್ದ. ಅವನ ಊರಿನಲ್ಲಿ ಅಷ್ಟು ಸಾಕು. ಹೊಸಪೇಟೆಯ ಏಪ್ರಿಲ್ಲಿನಲ್ಲಿ ಸಾಲದು. ಮೊಳೆಯುವ ಕಾಳು ತಾನೇ ಕಾವು ಬಿಡುತ್ತದೆ, ಮೇಲೆ ನಮ್ಮ ಬಿಸಿಲು ಬೇರೆ. ಎರಡನೆಯ ಕಂತಿನಲ್ಲಿ ಅವ್ವ ರಾಶಿಯೊಳಗೆ ಅಂಗೈ ತೂರಿಸಿ, "ಬೆವತೈತಿ, ಹರವು" ಎಂದಳು. ಆಮೇಲೆ ನಾನು ಗಡಿಯಾರ ನೋಡಲಿಲ್ಲ, ಅವ್ವನ ಕೈ ನೋಡಿದೆ. ಒಣಗಿಸಲು ಸಂಡೂರಿನ ಗೆಳೆಯನ ಮಾಳಿಗೆಗೆ ಒಯ್ದೆ, ಅಲ್ಲಿ ಗುಡ್ಡದ ಗಾಳಿ ಇದೆಯೆಂದು. ಸಂಜೆಗೆ ಬಿಳಿ ಪಂಚೆಯ ಮೇಲೆ ಅದಿರಿನ ಕೆಂಪು ಧೂಳು ಕೂತಿತ್ತು. ಮರಳಿ ತಂದಾಗ ಅವ್ವ ಏನೂ ಅನ್ನದೆ ಮೊರ ತೆಗೆದುಕೊಂಡು ಕೂತಳು. ಉಜ್ಜಿ, ಕೇರಿ, ಧೂಳನ್ನೂ ಒಣಗಿದ ಬೇರುಗಳನ್ನೂ ಒಟ್ಟಿಗೆ ಹಾರಿಸಿದಳು. ಬೀಸುಕಲ್ಲಿನಲ್ಲಿ ಒಡೆದೆವು. ಮಿಕ್ಸಿ ಹಾಕಿದರೆ ಸಿಪ್ಪೆಯೂ ಪುಡಿಯಾಗುತ್ತದೆ. ಸೋಸುವಾಗ ಜರಡಿಯಾಗಬೇಕಾದದ್ದು ಆ ಸಿಪ್ಪೆಯೇ.

ಒಂದು ಭಾನುವಾರ ಒಂದು ಕಿಲೋ ಮಾಲ್ಟಿಗೆ ಮೂರು ಲೀಟರ್ ನೀರು ಇಟ್ಟೆ. ಥರ್ಮಾಮೀಟರ್ ಹಿಡಿದು 66ರಲ್ಲಿ ನಿಲ್ಲಿಸಿ, ಪಾತ್ರೆಗೆ ಹಳೆಯ ಕಂಬಳಿ ಸುತ್ತಿದೆ. ಒಂದು ಗಂಟೆಯ ನಂತರ ಬಿಳಿ ತಟ್ಟೆಯ ಮೇಲೆ ಒಂದು ಹನಿ ಹಾಕಿ ಟಿಂಕ್ಚರ್ ಅಯೋಡಿನ್ ಬೆರೆಸಿದೆ. ಹಿಟ್ಟು ಉಳಿದಿದ್ದರೆ ಕಪ್ಪು ನೀಲಿಗೆ ತಿರುಗಬೇಕು. ಬಣ್ಣ ಬದಲಾಗಲಿಲ್ಲ. ಅವ್ವ ಅಷ್ಟರಲ್ಲಿ ಬೆರಳದ್ದಿ ನೆಕ್ಕಿ, "ಆತು, ಸಿಹಿ ಬಂತು" ಅಂದಿದ್ದಳು.

ಸೋಸಿ ಕುದಿಯಲು ಇಟ್ಟಾಗ ನೊರೆ ಉಕ್ಕಿ ಒಲೆಯ ಮೇಲೆ ಬಿತ್ತು. ಅವ್ವ ಎರಡು ಹನಿ ಎಣ್ಣೆ ಬಿಟ್ಟಳು, ನೊರೆ ಕೂತಿತು. ಆಲೆಮನೆಯ ಕೊಪ್ಪರಿಗೆಗೂ ಹಾಗೇ ಮಾಡುತ್ತಿದ್ದರಂತೆ. ಕಬ್ಬಿನ ಹಾಲಿನ ಕೊಳೆ ಮೇಲೆ ಬರಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರಂತೆ. ಬಿಯರಿನವರು ಅದೇ ಕೆಲಸಕ್ಕೆ ಕಡಲ ಪಾಚಿ ಹಾಕುತ್ತಾರೆ. ಆ ದಿನ ಅವ್ವ ಬಹಳ ಮಾತಾಡಿದಳು. ಪಾಕದ ಹದ ನೋಡಲು ನೀರಿಗೆ ಹನಿ ಬಿಡುತ್ತಿದ್ದ ಅವಳ ಅಪ್ಪ, ಬಿಸಿಬೆಲ್ಲಕ್ಕೆ ಕಾದು ಕೂತ ಮಕ್ಕಳು, ಒಲೆಗೆ ನೂಕುತ್ತಿದ್ದ ಕಬ್ಬಿನ ಸಿಪ್ಪೆ. ಎಷ್ಟೋ ವರ್ಷಗಳಿಂದ ಅವಳ ಬಾಯಲ್ಲಿ ಕೇಳದ ಕಥೆಗಳು.

ಸಿಹಿನೀರನ್ನು ಇಬ್ಬರೂ ಒಂದೊಂದು ಲೋಟ ಕುಡಿದೆವು. ಉಳಿದದ್ದನ್ನು ಮುಚ್ಚಿಟ್ಟು ಮರೆತೆ. ಅದು ನನ್ನ ತಪ್ಪು. ಯೀಸ್ಟನ್ನು ನಾವೇ ಹಾಕಬೇಕೆಂದಿಲ್ಲ. ಅದು ಗಾಳಿಯಲ್ಲಿದೆ, ಸೌಟಿನಲ್ಲಿದೆ, ನಮ್ಮ ಕೈಯಲ್ಲಿದೆ. ಎರಡನೆಯ ದಿನ ಬೆಳಗಿನ ಜಾವ ಎದ್ದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಪಾತ್ರೆಯ ಮುಚ್ಚಳ ತೆಗೆದಿತ್ತು, ಒಳಗೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

"ನಿಮ್ಮಪ್ಪನ ವಾಸನಿ" ಎಂದಳು.

ಅಪ್ಪ ಕುಡಿದದ್ದು ಬಿಯರ್ ಅಲ್ಲ. ಪ್ಯಾಕೆಟ್ ಸಾರಾಯಿ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಪ್ಪ ಅದಕ್ಕೆ ಎರಡು ವರ್ಷ ಮೊದಲೇ ಹೋಗಿದ್ದ. ಹಲ್ಲಿನಿಂದ ಪ್ಯಾಕೆಟ್ಟಿನ ಮೂಲೆ ಕಚ್ಚುವ ಸಣ್ಣ ಸದ್ದು ನನಗೆ ಇವತ್ತಿಗೂ ನೆನಪಿದೆ. ಕಾಲೇಜಿನಲ್ಲಿ ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳನ್ನು ಓದಿಸುವಾಗ ಇಡೀ ತರಗತಿ ನಗುತ್ತಿತ್ತು. ಸ್ವತಃ ಕುಡಿಯದ ಮೇಷ್ಟ್ರು ಕುಡುಕನ ಬಾಯಲ್ಲಿ ಅಷ್ಟು ಪ್ರೀತಿಯ ಪದ ಬರೆದರಲ್ಲ ಎಂದು ನಮ್ಮ ಮೇಷ್ಟ್ರು ಬೆರಗಾಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಮ್ಮ ಮನೆಯ ಕುಡುಕ ಹಾಡುತ್ತಿರಲಿಲ್ಲ.

ಪಾತ್ರೆ ಎತ್ತಿ ಹಿತ್ತಲಿಗೆ ಒಯ್ದು ಬಾಳೆಯ ಬುಡಕ್ಕೆ ಸುರಿದೆ. ಬಿಯರ್ ಮಾಡುವ ವಿಡಿಯೋಗಳನ್ನೇ ನೋಡುತ್ತಿದ್ದೆ ಎಂದು ಆಗ ಹೇಳಿದೆ. ಅವ್ವ ಬೈಯಲಿಲ್ಲ.

"ಮೊಳಕಿ ಕಟ್ಟಿದ ದಿನಾನೇ ಗೊತ್ತಿತ್ತು ಬಿಡು. ಎಲ್ಲಿಗೆ ನಿಲ್ಲಸ್ತಿ ನೋಡಾಣ ಅಂತ ಸುಮ್ನಿದ್ದೆ."

"ನಿಲ್ಲಿಸಿದ್ದೆ ಅವ್ವಾ. ಅದಾ ಮುಂದಕ್ಕೆ ಹೋತು."

"ನಿಮ್ಮಪ್ಪನೂ ಹಂಗೇ ಅಂತಿದ್ದ."

ನನ್ನ ಹತ್ತಿರ ಮರುಮಾತಿರಲಿಲ್ಲ. ಹೊತ್ತೇರಿದ ಮೇಲೆ ಅವ್ವ ಎಂದಿನಂತೆ ಹಿಂದಿನ ರಾತ್ರಿ ಮಾಡಿಟ್ಟ ಅಂಬಲಿಗೆ ಮಜ್ಜಿಗೆ ಬೆರೆಸಿ ನನ್ನ ಮುಂದಿಟ್ಟಳು. ಅದೂ ರಾತ್ರಿಯೆಲ್ಲ ಹುಳಿ ಬಂದದ್ದೇ. ಅದನ್ನೇ ಕೇಳಿದೆ. "ಹುಳಿ ಬರೋದು ಬ್ಯಾರೆ, ನಿಶೆ ಬರೋದು ಬ್ಯಾರೆ. ಮೂಗಿಗೆ ಗೊತ್ತಾಗ್ತೈತಿ" ಎಂದಳು. ಎರಡೂ ಕಣ್ಣಿಗೆ ಕಾಣದ ಜೀವಿಗಳ ಕೆಲಸವೇ, ಆದರೆ ಆ ಜೀವಿಗಳು ಬೇರೆ ಬೇರೆ. ವಿಡಿಯೋದಿಂದ ನನಗೆ 66 ಸಿಕ್ಕಿತು. ಅದು ಸಣ್ಣದಲ್ಲ, ಅದಿಲ್ಲದೆ ಗಂಜಿಯಾಗುತ್ತಿತ್ತು. ಮೂಗು ಸಿಗಲಿಲ್ಲ. ಅವ್ವನಿಗೆ ಆ ಮೂಗು ಬಂದದ್ದು ಅರ್ಧ ತವರಿನ ಕೊಪ್ಪರಿಗೆಯಿಂದ, ಅರ್ಧ ಅಪ್ಪನ ಉಸಿರಿನಿಂದ.

ಮುಂದಿನ ವಾರ ಅವಳನ್ನು ಹಂಪಿಗೆ ಕರೆದುಕೊಂಡು ಹೋದೆ. ಕಾಲುವೆಯ ದಡದಲ್ಲಿ ಸಾಲಾಗಿ ಕಲ್ಲಿನ ಊಟದ ತಟ್ಟೆಗಳಿವೆ. ಅನ್ನಕ್ಕೆ ಒಂದು ದೊಡ್ಡ ಗುಳಿ, ಪಲ್ಯ, ಸಾರಿಗೆ ಸಣ್ಣ ಗುಳಿಗಳು. ಅವ್ವ ಒಂದರ ಮುಂದೆ ಕೂತು ಸಣ್ಣ ಗುಳಿಯನ್ನು ಬೆರಳಿನಿಂದ ಒರೆಸಿದಳು. "ತಟ್ಟೆ ಉಳಿದೈತಿ ನೋಡು. ಅಡಿಗಿ ಮಾಡಿದಾಕಿ ಯಾರೋ" ಎಂದಳು. ಆಮೇಲೆ ನನ್ನ ಮೊಬೈಲು ತೋರಿಸಿ, "ಅವನ್ನ ಕೇಳು, ನೊರೆ ಬಂದಾಗ ಎಣ್ಣಿ ಹಾಕ್ತಾನೇನು ಅಂತ" ಎಂದು ನಕ್ಕಳು.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಜವೆಗೋಧಿ ಮೊಳೆಯುತ್ತದೆ. ಸಿಹಿನೀರು ಮಾಡಿ, ಏಲಕ್ಕಿ ಹಾಕಿ, ಅವತ್ತೇ ಕುಡಿದು ಮುಗಿಸುತ್ತೇವೆ. ಪಾತ್ರೆಯನ್ನು ರಾತ್ರಿಗೆ ಉಳಿಸುವುದಿಲ್ಲ. ತೊಳೆದು ಬೋರಲು ಹಾಕುವುದು ನನ್ನ ಕೆಲಸ. ಮಲಗುವ ಮುಂಚೆ ಅವ್ವ ಒಮ್ಮೆ ಅಡುಗೆಮನೆಗೆ ಹೋಗಿ ಅದನ್ನು ಎತ್ತಿ ಮೂಸಿ ನೋಡುತ್ತಾಳೆ. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ.